ಕತ್ತಲೆ ಸಾಹೇಬರು ಕೈಕಟ್ಟಿ ಕೂತ ಸಂಜೆ

ನಮ್ಮಣ್ಣ ಹದಿನೈದು ವರ್ಷದಿಂದ ಸಂಬಳ ಎಣಿಸುತ್ತಿರುವುದು ಜನರ ಖುಷಿಗೆ ಕಲ್ಲು ಹಾಕಿ. ಇಂಟರ್ನೆಟ್‌ನಲ್ಲಿ ಪಂದ್ಯಗಳನ್ನು ನೇರವಾಗಿ ತೋರಿಸುವ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಅವನಿಗೆ ಕೆಲಸ. ಪಂದ್ಯ ನಡೆಯುವ ಊರಿನವರು ಮನೆಯಲ್ಲೇ ಕಾಲು ಚಾಚಿ ನೋಡಿದರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಅದಕ್ಕೇ ಆಟ ಶುರುವಾಗುತ್ತಲೇ ಅಣ್ಣ ಗುಂಡಿ ಒತ್ತುತ್ತಾನೆ; ಆ ಊರಿನ ಫೋನು, ಟೀವಿಗಳಲ್ಲೆಲ್ಲ ಕಪ್ಪು ಪರದೆ. ಕೊನೆಯ ಸೀಟಿ ಊದಿದ ಮೇಲೇ ಪರದೆ ಎತ್ತುವುದು. ಬಳಗದಲ್ಲಿ ಅವನಿಗೆ ಕತ್ತಲೆ ಸಾಹೇಬರು ಅಂತಲೇ ಹೆಸರು.

ಮೊನ್ನೆ ನಮ್ಮೂರಲ್ಲೇ ಹೆಣ್ಣುಮಕ್ಕಳ ಫುಟ್‌ಬಾಲ್ ಫೈನಲ್. ಗೋಲಿಗೆ ನಿಲ್ಲುವವಳು ಅಣ್ಣನ ಮಗಳು. ಸೊಂಟ ಮುರಿದುಕೊಂಡು ಮಲಗಿದ್ದ ಅಮ್ಮನಿಗೆ ಮೊಮ್ಮಗಳ ಆಟ ನೋಡಲೇಬೇಕು.

"ಒಂದ್ಸಲ ಆ ಗುಂಡಿ ಮರೆತುಬಿಡೋ," ಅಂದಳು.

"ಆಗಲ್ಲಮ್ಮ. ನಿಯಮ ಅಂದ್ರೆ ನಿಯಮ."

"ನಿನ್ನನ್ನ ಹೆತ್ತಿದ್ದಕ್ಕೆ ನನಗೆ ಇಷ್ಟಾದ್ರೂ ಆಗ್ಬೇಕು ಬಿಡು."

ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ನನಗೂ ಮೈ ಉರಿಯಿತು. ಸ್ವಂತ ತಾಯಿಗೂ ಕತ್ತಲೆ ಹಂಚುವ ಈ ಧರ್ಮರಾಯನಿಗೆ ಎರಡು ಬಿಡಬೇಕು ಅನ್ನಿಸಿತು.

ಅಣ್ಣನ ಸಂಕಟ ಬೇರೆಯೇ ಇತ್ತು. ವೇಳೆ ತುಂಬಿಟ್ಟರೆ ಕಂಪ್ಯೂಟರೇ ಪರದೆ ಹಾಕಿ, ಅದೇ ಎತ್ತುವ ಹೊಸ ವ್ಯವಸ್ಥೆ ಬಂದಿತ್ತು; ಗುಂಡಿ ಒತ್ತುವವನೇ ಬೇಡ. ಮೊದಲ ಪರೀಕ್ಷೆ ಇದೇ ಪಂದ್ಯ. ಮ್ಯಾನೇಜರ್ರು ಖುದ್ದಾಗಿ ತುಂಬಿದರು: ನಾಲ್ಕರಿಂದ ಆರು.

"ಆಟ ಆರಕ್ಕೆ ಮುಗೀದಿದ್ರೆ ಸಾರ್?" ಅಣ್ಣ ಎರಡು ಸಲ ಕೇಳಿದನಂತೆ.

"ಎಲ್ಲಾ ಕಂಪ್ಯೂಟರ್ ನೋಡ್ಕೊಳ್ಳುತ್ತೆ ರೀ. ಏನೇ ಆದ್ರೂ ನೀವು ಕೈ ಹಾಕ್ಬೇಡಿ."

ಹಾಗಂದು ಮೇಲಿನವರಿಗೆ ಹೊಸ ವ್ಯವಸ್ಥೆಯ ಗುಣಗಾನ ಮಾಡಲು ಮೀಟಿಂಗಿಗೆ ಹೋದರು.

ನಾಲ್ಕಕ್ಕೆ ನಮ್ಮ ಟೀವಿ ಕಪ್ಪಾಯಿತು. ಅಮ್ಮ ಆ ಕಪ್ಪನ್ನೇ ನೋಡುತ್ತ ಎರಡು ಗಂಟೆ ಅಣ್ಣನಿಗೆ ಸಹಸ್ರನಾಮ ಮಾಡಿದಳು. ಅತ್ತ ಆಟ ಸಮಸಮವಾಗಿ, ಹೆಚ್ಚುವರಿ ಅರ್ಧ ಗಂಟೆ ಶುರುವಾಗಿತ್ತು. ಸರಿಯಾಗಿ ಆರಕ್ಕೆ ಪರದೆ ಎದ್ದಿತು. ಹಸಿರು ಹುಲ್ಲು, ಗೋಲಿನ ಮುಂದೆ ಮೊಣಕಾಲೆಲ್ಲ ಕೆಸರಾಗಿ ನಿಂತ ನಮ್ಮ ಹುಡುಗಿ.

"ಅಯ್ಯೋ, ನಮ್ಮ ಕೂಸು!" ಅಮ್ಮ ಅತ್ತೇಬಿಟ್ಟಳು.

ಕಂಟ್ರೋಲ್ ರೂಮಿನಲ್ಲಿ ಅಣ್ಣನ ಬೆರಳು ಅಭ್ಯಾಸಬಲದಿಂದ ಗುಂಡಿಯತ್ತ ಹೋಯಿತಂತೆ. ಎರಡೂ ಕೈ ಎಳೆದು ತೊಡೆಯ ಕೆಳಗಿಟ್ಟು, ಅವುಗಳ ಮೇಲೇ ಕೂತ. ಊರಿಗೆ ಊರೇ ಪೆನಾಲ್ಟಿ ಒದೆತಗಳವರೆಗೂ ನೋಡಿತು. ಕೊನೆಯ ಒದೆತಕ್ಕೆ ನಮ್ಮವಳು ಎಡಕ್ಕೆ ಹಾರಿದಳು, ಚೆಂಡು ಬಲಕ್ಕೆ ಹೋಯಿತು. ಸೋತರು. ಅಮ್ಮನಿಗೆ ಅದು ಲೆಕ್ಕಕ್ಕೇ ಇಲ್ಲ.

ಮ್ಯಾನೇಜರ್ರು ಏದುಸಿರು ಬಿಡುತ್ತ ಬಂದರು. "ಗುಂಡಿ ಕಣ್ಣೆದುರೇ ಇತ್ತಲ್ರೀ, ಯಾಕ್ರೀ ಒತ್ತಲಿಲ್ಲ?"

"ಕೈ ಹಾಕ್ಬೇಡಿ ಅಂದಿದ್ರಲ್ಲ ಸಾರ್."

ಅವರು ಹೊಸ ವ್ಯವಸ್ಥೆಯನ್ನು ಆಫ್ ಮಾಡಿದರು. "ಸದ್ಯಕ್ಕೆ ಗುಂಡಿ ನಿಮ್ಮ ಹತ್ರಾನೇ ಇರ್ಲಿ."

ಅಣ್ಣ ಮನೆಗೆ ಬಂದಾಗ ಅಮ್ಮ ಅವನ ಕೈ ಹಿಡಿದುಕೊಂಡಳು. "ಹದಿನೈದು ವರ್ಷದಲ್ಲಿ ಇವತ್ತೊಂದು ದಿನ ನೆಟ್ಟಗೆ ಕೆಲಸ ಮಾಡಿದೆ ನೋಡು ಮಗನೇ."

"ನಾನೇನೂ ಮಾಡ್ಲಿಲ್ಲಮ್ಮ."

"ಇನ್ನು ಮೇಲೂ ಅದನ್ನೇ ಮಾಡು."