ಅತ್ತೆಯ ಬೆನ್ನು, ನನ್ನ ಎದುರುಗಾಲು

ನನ್ನ ಸೋದರತ್ತೆಯ ಬೆರಳ ತುದಿಗಳು ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬಿಡಿಸಿ ಕಪ್ಪಿಟ್ಟಿದ್ದವು. ಊಟಕ್ಕೆ ಕೂತರೂ ಆ ಬೆರಳುಗಳು ನೆಲದ ಮೇಲೆ ಏನನ್ನೋ ಹೆಕ್ಕುತ್ತಿದ್ದವು. ಪೂರಿಗಾಲಿಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ಆಕೆಗೆ ಸುಮ್ಮನೆ ಕೂರುವುದೇ ಒಂದು ಕಾಯಿಲೆ. "ಕುಂತ್ರೆ ಮೈ ತುಕ್ಕಿಡಿತದೆ ಕಣಮ್ಮ" ಅನ್ನುತ್ತಿದ್ದಳು.

ಸೊಪ್ಪಿನ ಹೊರೆ ಎತ್ತುವಾಗ ಬೆನ್ನು ಚಳಕ್ ಅಂದ ದಿನ ನನಗೆ ಹೇಳಿಕಳಿಸಿದಳು. ನಾನು ಮಂಡ್ಯದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು ಅಂತಲ್ಲ, ಎದುರುಗಾಲಲ್ಲಿ ಹುಟ್ಟಿದವಳು ಅಂತ! ಕಾಲು ಮುಂದಾಗಿ ಹುಟ್ಟಿದವರು ಬಲಗಾಲಲ್ಲಿ ತುಳಿದರೆ ಬೆನ್ನಿನ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ.

"ಒಂದ್ಸಲ ತುಳ್ದ್ಬುಡು ಮಗ, ಉಳ ಅಸ್ಕೊಂಡವೆ" ಎಂದು ಬೋರಲು ಬಿದ್ದುಕೊಂಡಳು. ನನಗೆ ಮೈಯೆಲ್ಲ ಉರಿಯಿತು.

"ಸತ್ರೂ ತುಳಿಯಕಿಲ್ಲ, ಏಳತ್ತೆ!" ಎಂದು ಬೈದು, ಕಾರು ಹತ್ತಿಸಿಕೊಂಡು ನಮ್ಮ ಆಸ್ಪತ್ರೆಗೆ ಬಂದೆ.

ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ತುಳಿದಿದ್ದರೆ? ವಾರಗಟ್ಟಲೆ ಮಾತ್ರೆ ನುಂಗಿದರೂ, ಬೆಲ್ಟು ಕಟ್ಟಿದರೂ ನೋವು ಜಗ್ಗಲಿಲ್ಲ. ಕೊನೆಗೆ ಡಾಕ್ಟರು, ಪರದೆಯ ಮೇಲೆ ಮೂಳೆ ನೋಡಿಕೊಂಡು ಸೂಜಿ ಇಳಿಸಿ ಕುಸಿದ ಮಣಿಯೊಳಗೆ ಮೂಳೆಯ ಸಿಮೆಂಟು ತುಂಬೋಣ ಅಂದರು. ಎಚ್ಚರವಾಗಿಯೇ ಬೋರಲು ಮಲಗಿರಬೇಕು. ಅಲುಗಿದರೆ ಸೂಜಿ ನರಕ್ಕೆ ತಾಗಬಹುದು.

ಅಲುಗದೆ ಇರುವುದು, ಅದೂ ನಮ್ಮತ್ತೆ! ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೂ ಭುಜ ಕೊಸರುತ್ತಲೇ ಇದ್ದಳು. "ಇನ್ನೆಷ್ಟೊತ್ತಪ್ಪಾ? ಸೊಪ್ಪಾಕ್ಬೇಕು!" ಡಾಕ್ಟರು ಸೂಜಿ ಹಿಡಿದು ನಿಂತೇಬಿಟ್ಟರು. ಎಕ್ಸ್‌ರೇ ಯಂತ್ರದ ಪರದೆಯಲ್ಲಿ ಚಿತ್ರ ಮೂಡಬೇಕಾದರೆ ಪೆಡಲನ್ನು ಕಾಲಲ್ಲಿ ಒತ್ತಬೇಕು, ಒತ್ತುವವಳು ನಾನು. ಅವಳ ಕಿವಿಯ ಹತ್ತಿರ ಬಗ್ಗಿದೆ.

"ಅತ್ತೆ, ಈಗ ನನ್ ಕಾಲಲ್ಲೇ ಒತ್ತದು. ಸುಮ್ನಿರು."

"ಬಲಗಾಲಾ?"

"ಊಂ, ಬಲಗಾಲೇ."

ಆಮೇಲೆ ಅವಳು ಅಲುಗಲಿಲ್ಲ. ಸೂಜಿ ಇಳಿಯಿತು. ನಾನು ಒತ್ತಿದಾಗಲೆಲ್ಲ ಸಿಮೆಂಟು ಪರದೆಯ ಮೇಲೆ ಕಪ್ಪಗೆ ಹರಡುತ್ತಾ ಹೋಗಿ, ಮಣಿಯೊಳಗೇ ನಿಂತಿತು. ನಡುಗುತ್ತಿದ್ದದ್ದು ನನ್ನ ಕಾಲು.

ಮಾರನೆಯ ದಿನವೇ ಎದ್ದು ಓಡಾಡಿದಳು. ಊರಿಗೆ ಹೋಗಿ ಡಾಕ್ಟರ ಸುದ್ದಿಯನ್ನೇ ಎತ್ತಲಿಲ್ಲ. "ನಮ್ ಸೊಸೆ ಕಾಲಿಟ್ಲು, ನೋವು ವಂಟೋಯ್ತು" ಎಂದು ಬೀದಿಗೆಲ್ಲ ಸಾರಿದಳು. ನಾನು ರೇಗಿದಷ್ಟೂ ನಗುತ್ತಿದ್ದಳು.

ಹೋದ ವರ್ಷ ಅತ್ತೆಗೆ ಎದೆನೋವು ಬಂತು, ಆಸ್ಪತ್ರೆಗೆ ಸೇರಿಸುವಷ್ಟೂ ಹೊತ್ತು ಕೊಡಲಿಲ್ಲ. ನಾನು ಪೂರಿಗಾಲಿ ಮುಟ್ಟುವಾಗ ಅಂಗಳದಲ್ಲಿ ಮಲಗಿಸಿದ್ದರು. ಆ ಕಪ್ಪು ಬೆರಳುಗಳು ಸುಮ್ಮನಿದ್ದವು. ನೋಡಲಾಗಲಿಲ್ಲ. ಓದಿದವಳು, ಆಸ್ಪತ್ರೆಯವಳು ಅನ್ನುವುದೆಲ್ಲ ಮರೆತು, ಜನರೆದುರಿಗೇ ಕೂಗಿಕೊಂಡೆ: "ಏಳತ್ತೆ, ತುಳೀತೀನಿ ಏಳು!"