ಮಂಗಳವಾರ ಬಿಚ್ಚದ ಕಂಕಣ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಕತ್ತರಿಯನ್ನು ಕೆಳಗಿಟ್ಟೆ. ಗುಂಡು ಹಾರಿದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಪೊಲೀಸರು ಬರೆದುಕೊಂಡದ್ದು ಎರಡನೆಯ ಹೊತ್ತನ್ನು. ಕೆಟ್ಟದ್ದು ಶುರುವಾದದ್ದು ಮೊದಲನೆಯದರಲ್ಲಿ.

ನಮ್ಮ ಶೂಟಿಂಗ್ ಕ್ಲಬ್ಬು ಇಲವಾಲ ದಾಟಿದ ಮೇಲೆ ಸಿಗುತ್ತಿತ್ತು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಭಾನುವಾರ ಮತ್ತು ರಜಾದಿನಗಳಲ್ಲಿ ಅಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದೆ. ಸಣ್ಣ ತಿರುಪುಗಳನ್ನು ಕೆಡಿಸದೆ ಬಿಚ್ಚುವ ಕೈ ಎಂದು ರಿಪೇರಿ ಮೇಜು ನನ್ನ ಪಾಲಿಗೆ ಬಂದಿತ್ತು.

ಕೋಚು ಸೈನ್ಯದಿಂದ ನಿವೃತ್ತರಾದವರು. ಎಲ್ಲರಿಗೂ ಅವರು ಮೇಷ್ಟ್ರು. ಎರಡು ವರ್ಷದಿಂದ ಅವರಿಗೆ ಪಿಸ್ತೂಲಿನ ತುದಿಯ ಗುರಿಮೊಳೆ ಮಸುಕಾಗಿ ಎರಡೆರಡು ಕಾಣುತ್ತಿತ್ತು. ಕಣ್ಣಿನ ಆಪರೇಷನ್ ಆದ ಮೇಲೂ ಅಷ್ಟೇ. ಬಲಗಿವಿ ಗುಂಡಿನ ಸದ್ದಿಗೆ ಎಂದೋ ಹೋಗಿತ್ತು, ಎಡಗಿವಿಯೂ ಮಂದವಾಗಿತ್ತು. ರೆಡ್ ಡಾಟ್ ತರಿಸಿದ್ದು ಅವರಿಗಾಗಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಒಂದು ಚೂರು ಗಾಜು, ಅದರೊಳಗೊಂದು ಕೆಂಪು ಚುಕ್ಕೆ. ಎರಡೂ ಕಣ್ಣು ತೆರೆದು ಚುಕ್ಕೆಯನ್ನು ಗುರಿಯ ಮೇಲೆ ಕೂರಿಸಿದರೆ ಆಯಿತು. ನಾವು ಆಡುವ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶವಿಲ್ಲ, ಕಲಿಸುವುದಕ್ಕೆ ಅಡ್ಡಿಯಿಲ್ಲ.

"ಇದೊಂದು ಕೂರಿಸಿಕೊಡಮ್ಮ, ಇನ್ನೆರಡು ವರ್ಷ ಮೇಷ್ಟ್ರಾಗಿರ್ತೀನಿ. ಇಲ್ಲಾಂದ್ರೆ ಗೇಟ್ ಕಾಯೋಕೆ ಹಾಕ್ತಾರೆ" ಅಂದಿದ್ದರು.

ಮೇಜಿಗೆ ಒಂದು ಕಟ್ಟಳೆಯಿತ್ತು. ಕೂತವರು ಮೊದಲು ಗುಂಡು ತುಂಬುವ ಮ್ಯಾಗಜೀನನ್ನು ಹೊರಗೆ ತೆಗೆಯಬೇಕು. ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು, ಗುಂಡು ಕೂರುವ ಗೂಡನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಸ್ಕ್ರೂಡ್ರೈವರ್ ಮುಟ್ಟುವುದು ಅದಾದ ಮೇಲೆ. ಆರು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪಿರಲಿಲ್ಲ. ಹಾಗಾಗಿ ಬೇರೆ ಯಾರ ಕೈಯಿಂದ ಪಿಸ್ತೂಲು ತೆಗೆದುಕೊಂಡರೂ ತೆರೆದು ನೋಡುವ ಮೇಷ್ಟ್ರು, ನನ್ನ ಮೇಜಿನ ಮೇಲಿದ್ದುದನ್ನು ಮಾತ್ರ ನೋಡುತ್ತಿರಲಿಲ್ಲ.

ಅವತ್ತು ವಿಜಯದಶಮಿ ಕಳೆದು ಮೂರು ದಿನ, ಕಾಲೇಜಿಗೆ ಇನ್ನೂ ದಸರಾ ರಜೆ. ಆಯುಧಪೂಜೆಯಲ್ಲಿ ಇಟ್ಟಿದ್ದ ಪಿಸ್ತೂಲನ್ನು ಬಂದೂಕಿನ ಕೋಣೆಯ ಬೀಗ ನೋಡಿಕೊಳ್ಳುವ ಅಣ್ಣ ತಂದು ಮೇಜಿನ ಮೇಲಿಟ್ಟರು. ನಾನು ಅಣ್ಣ ಎಂದು ಕರೆಯುತ್ತಿದ್ದ, ಐವತ್ತು ದಾಟಿದ ಮನುಷ್ಯ, ಅಲ್ಲೇ ಹತ್ತಿರದ ಹಳ್ಳಿಯವರು. ಪೂಜೆಯ ಏರ್ಪಾಡೆಲ್ಲ ಅವರದೇ. ಪಿಸ್ತೂಲಿಗೆ ಕುಂಕುಮ ಮೆತ್ತಿತ್ತು. ಸ್ಲೈಡನ್ನೂ ಹಿಡಿಯನ್ನೂ ಸೇರಿಸಿ ಅರಿಶಿನದ ದಾರ ಮೂರು ಸುತ್ತು ಬಿಗಿದು, ಅರಿಶಿನದ ಕೊಂಬು ಸಿಕ್ಕಿಸಿ ಕಂಕಣ ಕಟ್ಟಿದ್ದರು. ದಾರ ಕತ್ತರಿಸದೆ ಸ್ಲೈಡ್ ಎಳೆಯುವಂತಿರಲಿಲ್ಲ. ಕತ್ತರಿ ತೆಗೆದುಕೊಂಡೆ.

"ಅದ್ಕೆ ಕತ್ರಿ ಹಾಕ್ಬ್ಯಾಡಿ ಮೇಡಮ್ಮೋರೆ."

"ತೆಗೆದು ನೋಡಬೇಕಲ್ಲಣ್ಣ."

"ಇವತ್ತು ಮಂಗಳವಾರ. ಮಂಗಳವಾರ ಕಂಕಣ ಬಿಚ್ಚುದ್ರೆ ಯಜಮಾನಂಗೆ ಕೇಡು. ನಾಳೆ ಬೆಳಿಗ್ಗೆ ನಾನೇ ಬಿಚ್ಚಿ ಕೊಡ್ತೀನಿ ಬುಡಿ."

"ಇದಕ್ಕೆ ಯಜಮಾನ ಯಾರು? ನೀವೋ, ಮೇಷ್ಟ್ರೋ?"

"ಇಬ್ರಲ್ಲಿ ಒಬ್ರು ಅನ್ಕಳಿ" ಎಂದು ನಕ್ಕರು. "ನಿಮ್ ಕೆಲ್ಸ ಮೇಲ್ಗಡೆ ತಾನೆ? ನಾಕು ತಿರುಪು. ಅದರ ಹೊಟ್ಟೆ ಯಾಕ್ ಬಗೀತೀರಿ?"

ನಾನೂ ನಕ್ಕೆ. ಮಂಗಳವಾರದ ಮೇಲೆ ನನಗೆ ನಂಬಿಕೆಯಿಲ್ಲ. ಕಟ್ಟಿದವರ ಎದುರೇ ಕತ್ತರಿಸಿ ಅವರ ಮನಸ್ಸು ಮುರಿಯುವುದು ಬೇಡ ಅನ್ನಿಸಿತು, ಅಷ್ಟೇ. ಮ್ಯಾಗಜೀನ್ ಹೊರಗಿತ್ತು. ಅಣ್ಣ ಪಕ್ಕದ ಸಾಮಾನಿನ ಕೋಣೆಗೆ ಹೋದರು.

ಪಿಸ್ತೂಲಿನ ಹಿಂತುದಿಯ ಗುರಿಪಟ್ಟಿಯನ್ನು ಬಿಚ್ಚಿ ತೆಗೆದೆ. ತಿರುಪಿನ ತೂತುಗಳಿಗೆ ಹೊಕ್ಕಿದ್ದ ಕುಂಕುಮವನ್ನು ಸೂಜಿಯಿಂದ ಕೆದಕಿ ಸ್ಪಿರಿಟ್ಟಿನಲ್ಲಿ ಒರೆಸಿದೆ. ಅಲ್ಯೂಮಿನಿಯಮ್ಮಿನ ತೆಳು ಬಿಲ್ಲೆ, ಅದರ ಮೇಲೆ ಡಾಟು. ಅದುರುವಿಕೆಗೆ ಸಡಿಲವಾಗದಿರಲೆಂದು ಒಂದೊಂದು ತಿರುಪಿಗೂ ಒಂದು ಹನಿ ನೀಲಿ ಅಂಟು. ಒಂದನ್ನು ಪೂರ್ತಿ ಬಿಗಿದರೆ ಬಿಲ್ಲೆ ಓರೆಯಾಗುತ್ತದೆ. ಎದುರುಬದುರು ಮೂಲೆಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯೂ ಪಿಸ್ತೂಲಿನ ಬಾಯಿ ನನ್ನ ಎಡ ಮೊಣಕೈಯ ಕಡೆಗಿತ್ತು.

ಮೇಷ್ಟ್ರು ಒಳಗೆ ಬಂದರು. "ಆಯ್ತೇನಮ್ಮ?"

"ಆಯ್ತು ಮೇಷ್ಟ್ರೇ, ಆದರೆ..."

ಸ್ಕ್ರೂಡ್ರೈವರ್ ಉರುಳಿ ಕೆಳಗೆ ಬಿತ್ತು. ನಾನು ಬಗ್ಗಿದೆ. ಮಾತು ಅಲ್ಲಿಗೇ ನಿಂತಿತು.

ಮೇಲೇಳುವಷ್ಟರಲ್ಲಿ ಅವರು ಪಿಸ್ತೂಲನ್ನು ಎತ್ತಿಕೊಂಡು ಗೋಡೆಗೆ ಅಂಟಿಸಿದ್ದ ಕಪ್ಪು ಗುರುತಿನತ್ತ ಹಿಡಿದಿದ್ದರು. "ಆಹಾ, ಏನ್ ಚೆನ್ನಾಗಿ ಕೂತಿದೆ!" ಎಂದರು. ಮುಖದಲ್ಲಿ ಹಬ್ಬದ ಕಳೆಯಿತ್ತು. ಬಿಚ್ಚದ ಕಂಕಣ ಅವರ ಅಂಗೈಯಡಿಯಲ್ಲೇ ಇತ್ತು, ಅವರ ಕಣ್ಣು ಮಾತ್ರ ಚುಕ್ಕೆಯ ಮೇಲಿತ್ತು. ಹೊಸ ಗುರಿಪಟ್ಟಿ ಕೂರಿಸಿದಾಗಲೆಲ್ಲ ಅವರು ಖಾಲಿ ಪಿಸ್ತೂಲಿನ ಕುದುರೆ ಒತ್ತಿ, ಒತ್ತುವಾಗ ಗುರಿ ಕದಲುತ್ತದೆಯೇ ಎಂದು ನೋಡುವುದು ವಾಡಿಕೆ.

ಗುರುತಿನ ಪಕ್ಕದಲ್ಲೇ ಸಾಮಾನಿನ ಕೋಣೆಯ ಬಾಗಿಲು. ಅದು ತೆರೆಯಿತು. ಅಣ್ಣ ನೋಡಿದರು. ಎರಡೂ ಕೈ ಮುಂದೆ ಚಾಚಿಕೊಂಡು ಓಡಿ ಬಂದರು.

"ಬ್ಯಾಡಿ ಸಾ! ಬ್ಯಾಡಿ!"

ಆಮೇಲೆ ಗುಂಡು. ಈ ಕ್ರಮವನ್ನು ನಾನು ಸಾವಿರ ಸಲ ನೋಡಿದ್ದೇನೆ, ಒಮ್ಮೆಯೂ ಹಿಂದುಮುಂದಾಗಿಲ್ಲ. ಮೊದಲು ಅವರ ಕೂಗು, ಆಮೇಲೆ ಗುಂಡು.

ತಗಡಿನ ಸೂರಿನ ಕೆಳಗೆ ಆ ಸದ್ದು ಕಪಾಳಕ್ಕೆ ಹೊಡೆದಂತೆ ಬಿತ್ತು. ಅಣ್ಣ ಎರಡು ಹೆಜ್ಜೆ ನಡೆದರು, ಆಮೇಲೆ ಕುಸಿದರು. ಬಲತೊಡೆಯ ಒಳಭಾಗ. ಪಂಚೆ ಮೊದಲು ಒಂದು ರೂಪಾಯಿಯಷ್ಟಗಲ ಕೆಂಪಾಯಿತು. ಮರುಕ್ಷಣ ರಕ್ತ ನಲ್ಲಿಯಲ್ಲಿ ಗಾಳಿ ಸೇರಿದ ನೀರಿನ ಹಾಗೆ ಚಿಮ್ಮಿ, ನಿಂತು, ಚಿಮ್ಮಿತು. ನನ್ನ ಮೊಣಕಾಲನ್ನು ಅವರ ತೊಡೆಸಂದಿಗೆ ಊರಿ ಇಡೀ ಭಾರ ಬಿಟ್ಟೆ. ದುಪಟ್ಟಾವನ್ನು ತೊಡೆಗೆ ಸುತ್ತಿ ಗಂಟು ಹಾಕಿ, ಗಂಟಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ತಿರುಚಿದೆ. ಮೂರನೆಯ ಸುತ್ತಿಗೆ ಅವರು ಅರಚಿ ಮುಷ್ಟಿಯಿಂದ ನನ್ನ ಬಾಯಿಗೆ ಗುದ್ದಿದರು. ಹಲ್ಲು ತುಟಿಯೊಳಗೆ ಹೊಕ್ಕಿತು. ನಾನು ನಾಲ್ಕನೆಯ ಸುತ್ತು ತಿರುಚಿದೆ. ಅವರು ನನ್ನ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಜಗ್ಗಿದರು. ರಕ್ತ ನಿಲ್ಲುವ ತನಕ ನಾವಿಬ್ಬರೂ ಹಾಗೆ ಹೊಡೆದಾಡಿದೆವು.

ಮೇಷ್ಟ್ರು ಪಿಸ್ತೂಲು ಹಿಡಿದುಕೊಂಡೇ ನಿಂತಿದ್ದರು. "ಖಾಲಿ ಇತ್ತಲ್ಲಮ್ಮ" ಎಂದರು. ಮತ್ತೆ, "ಖಾಲಿ ಇತ್ತಲ್ಲ."

ಕಾರು ಓಡಿಸಿದವರು ಅವರೇ. ಹಿಂದಿನ ಸೀಟಿನಲ್ಲಿ ನಾನು ಅಣ್ಣನ ಮೇಲೆ ಕೂತು ಸ್ಕ್ರೂಡ್ರೈವರ್ ಬಿಡದೆ ಹಿಡಿದಿದ್ದೆ. ಹುಣಸೂರು ರಸ್ತೆಯ ಒಂದೊಂದು ಉಬ್ಬಿಗೂ ಅವರ ಗಂಟಲಿನಿಂದ ಪ್ರಾಣಿಯ ಸದ್ದು ಬರುತ್ತಿತ್ತು. ನನ್ನ ಕುತ್ತಿಗೆ ಹಿಡಿದು ಕಿವಿಯನ್ನು ಬಾಯಿಯ ಹತ್ತಿರ ಎಳೆದುಕೊಂಡರು.

"ಒಂದೇ ಒಂದು ಗುಂಡು ಒಳಗೆ ಮಡಗಿದ್ದೆ ಕಣವ್ವ. ಬರಿದಾಗಿರೋದ್ನ ದೇವ್ರ ಮುಂದೆ ಮಡಗ್ತಾರಾ? ಅಳ್ಯೋ ಸೇರಿಗೂ ಒಂದಿಡಿ ಅಕ್ಕಿ ಹಾಕ್ತೀವಿ. ನಾಳೆ ಕಂಕಣ ಬಿಚ್ದಾಗ ತಕ್ಕಂಡ್ಬುಡ್ತಿದ್ದೆ. ಯಾರ್ಗೂ ಏಳ್ಬ್ಯಾಡ. ಕೆಲ್ಸ ಓಯ್ತದೆ, ಜೈಲಿಗೆ ಆಕ್ತಾರೆ."

"ಹೇಳಲ್ಲ" ಅಂದೆ. ನಮ್ಮ ಮನೆಯಲ್ಲೂ ಪಕ್ಕದವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅವರು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು, ಭಯವಾದದ್ದು ಅದಕ್ಕೇ. ಎಡಗಡೆಯಿಂದ ಬೈಕುಗಳು ಹಾರನ್ ಮಾಡುತ್ತಿದ್ದವು. ಆ ಸದ್ದಿನಲ್ಲಿ ಸ್ಟಿಯರಿಂಗ್ ಹಿಡಿದ ಮೇಷ್ಟ್ರಿಗೆ ನಮ್ಮ ಮಾತು ಕೇಳಿಸಿರಲಿಲ್ಲ.

ಆಸ್ಪತ್ರೆಗೆ ಸೇರಿಸಿ ಮುಕ್ಕಾಲು ಗಂಟೆಗೆ ಅಣ್ಣನ ಹೆಂಡತಿಯ ತಮ್ಮ ಬಂದ. ಜೊತೆಗೆ ಊರಿನ ನಾಲ್ವರು. ಹಿಂದಿನ ವಾರ ಗೇಟು ತಡವಾಗಿ ತೆಗೆದದ್ದಕ್ಕೆ ಮೇಷ್ಟ್ರು ಎಲ್ಲರೆದುರು ಅಣ್ಣನನ್ನು ಬೈದಿದ್ದರು. ಆ ಸುದ್ದಿ ಊರಿಗೆ ಹೋಗಿತ್ತು.

"ಯಾವನ್ಲಾ ಅವ್ನು ಮೇಷ್ಟ್ರು?"

"ನಾನೇ" ಎಂದು ಮೇಷ್ಟ್ರು ಬೆಂಚಿನಿಂದ ಎದ್ದು ನಿಂತರು.

"ಬಾಗ್ಲಲ್ಲಿ ಬರ್ತಿದ್ದೋನ್ಗೆ ಗುರಿ ಮಡಗಿ ಹೊಡ್ದವ್ನೆ ನೋಡ್ರೋ! ಮಿಲ್ಟ್ರಿ ದೌಲತ್ತು ನಮ್ಮ ಭಾವನ್ ಮೇಲಾ?"

ಅವನ ಕೈಯಲ್ಲಿದ್ದ ಹೆಲ್ಮೆಟ್ಟು ಮೇಷ್ಟ್ರ ಕಿವಿಯ ಮೇಲೆ ಬಿತ್ತು. ಅರವತ್ತು ದಾಟಿದ ಆ ಮನುಷ್ಯ ಕೈ ಎತ್ತಲಿಲ್ಲ. ಪೆರೇಡಿನಲ್ಲಿ ನಿಂತ ಹಾಗೆ ತೋಳುಗಳನ್ನು ಪಕ್ಕಕ್ಕೆ ಬಿಟ್ಟು ನಿಂತರು. ನಾನು ಮಧ್ಯೆ ಹೋದೆ. ಯಾರೋ ನನ್ನ ಭುಜ ಹಿಡಿದು ಬೀಸಿದರು, ತಲೆ ಗೋಡೆಯ ಅಂಚಿಗೆ ಬಡಿಯಿತು. ಒಂದು ಮಾತು ಸಾಕಿತ್ತು, ಗುಂಡು ಇಟ್ಟವರು ನಿಮ್ಮ ಭಾವನೇ ಎಂದು. ತುಟಿ ಊದಿತ್ತು, ಆದರೆ ಮಾತಾಡಲಾಗದಷ್ಟೇನಲ್ಲ. ಎರಡನೆಯ ಪೆಟ್ಟು ಆಪರೇಷನ್ ಆದ ಕಣ್ಣಿನ ಮೇಲೆ ಬಿತ್ತು. ಅವರು ಮೊದಲ ಬಾರಿಗೆ ಕೂಗಿದರು. ಕಾವಲಿನವರು ಬಂದು ಬಿಡಿಸುವ ಹೊತ್ತಿಗೆ ಆ ಕಣ್ಣಿನಿಂದ ನೀರೂ ರಕ್ತವೂ ಸೇರಿ ಗಲ್ಲದ ಮೇಲೆ ಇಳಿಯುತ್ತಿತ್ತು. ಆ ಕಣ್ಣು ಹೋಯಿತು.

ಅಣ್ಣ ಉಳಿದರು. ಅವರ ಭಾವಮೈದುನ ಮೇಷ್ಟ್ರ ಮೇಲೆ ಕೊಲೆಯತ್ನದ ದೂರು ಕೊಟ್ಟ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಮೇಷ್ಟ್ರು ಜೈಲಿಗೆ ಹೋದರು; ಜಾಮೀನು ಸಿಗುವುದಕ್ಕೆ ದಿನಗಳಾದವು. ಸ್ಲೈಡ್ ತೆಗೆದು ನೋಡದಿದ್ದದ್ದು ನನ್ನ ತಪ್ಪು ಎಂದು ನಾನು ಹೇಳಿಕೆ ಕೊಟ್ಟೆ. ಒಳಗೆ ಗುಂಡು ಹೇಗೆ ಬಂತು ಎಂದು ಕೇಳಿದಾಗ "ಗೊತ್ತಿಲ್ಲ" ಎಂದೆ.

ಆಮೇಲಿನ ವಾರಗಳಲ್ಲಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಬಾಗಿಲು ತೆರೆಯುತ್ತಿತ್ತು. ಕೆಲವು ಸಲ ಕನಸಿನಲ್ಲಿ ನಾನು ದಾರ ಕತ್ತರಿಸುತ್ತಿದ್ದೆ, ಗುಂಡು ಟಣ್ ಎಂದು ಮೇಜಿನ ಮೇಲೆ ಬೀಳುತ್ತಿತ್ತು, ಮೂವರೂ ಬಯ್ದಾಡಿ ನಗುತ್ತಿದ್ದೆವು, ಅಷ್ಟರಲ್ಲಿ ಎಚ್ಚರ. ತರಗತಿಯಲ್ಲಿ ಹುಡುಗಿಯೊಬ್ಬಳ ಜಾಮಿಟ್ರಿ ಬಾಕ್ಸು ಬಿದ್ದಾಗ ನಾನು ಮೇಜಿನಡಿ ಕುಕ್ಕರಗಾಲಿನಲ್ಲಿದ್ದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಮೇಷ್ಟ್ರ ಮನೆಗೆ ಹೋದೆ. "ನಾನೂ ತೆರೆದು ನೋಡಬೇಕಿತ್ತು ಕಣಮ್ಮ. ನಿನ್ನ ಮೇಜು ಅಂತ ನಂಬಿದೆ ಅನ್ನೋದು ನೆಪ" ಎಂದರು. ಆಮೇಲೆ ಕೇಳಿದರು, "ಒಂದು ಮಾತ್ರ ಅರ್ಥವಾಗ್ತಿಲ್ಲ. ಅವನು ಹಾಗೆ ಕೈ ಚಾಚ್ಕೊಂಡು ನನ್ನ ಕಡೆಗೆ ಯಾಕೆ ಓಡಿ ಬಂದ? ನಾನು ಅವನಿಗೇ ಗುರಿ ಇಟ್ಟಿದ್ದೆ ಅಂತ ನಿಜವಾಗ್ಲೂ ಅಂದ್ಕೊಂಡ್ನಾ?"

ಅವರ ಮಂದ ಕಿವಿಗೆ ಬಿದ್ದದ್ದು ಗುಂಡಿನ ಸದ್ದು ಮಾತ್ರ; ಆ ಕೂಗು ಕೇಳಿಸಿದ್ದು ನನಗೊಬ್ಬಳಿಗೇ. ಅಲ್ಲಿಂದ ಮನೆಗೆ ಬರದೆ ನೇರ ಅಣ್ಣನ ಊರಿಗೆ ಹೋದೆ.

ಅವರು ಜಗುಲಿಯ ಮಂಚದ ಮೇಲಿದ್ದರು. ಕಾಲು ಉಳಿದಿತ್ತು, ಪಾದ ಮಾತ್ರ ಮರಗಟ್ಟಿತ್ತು. ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದರು.

"ನಾಳೆ ಠಾಣೆಗೆ ಹೋಗಿ ಎಲ್ಲ ಹೇಳ್ತೀನಿ ಅಣ್ಣ. ತಿಳಿಸಿ ಹೋಗೋಣ ಅಂತ ಬಂದೆ."

ಅಣ್ಣ ಎಸೆದ ನೀರಿನ ಚೊಂಬು ನನ್ನ ಕೊರಳ ಮೂಳೆಗೆ ಬಂದು ಬಡಿಯಿತು. "ಪ್ರಾಣ ಉಳ್ಸಿದ್ದು ಇದ್ಕೇನಾ? ಮಾತ್ ಕೊಟ್ಟಿದ್ದೆ ಕಣೇ!"

"ಏನ್ ಏಳ್ತಾಳೆ ಇವ್ಳು?" ಹೆಂಡತಿ ಮೊರ ಕೆಳಗಿಟ್ಟರು. ಅವರಿಗೆ ಏನೂ ಗೊತ್ತಿರಲಿಲ್ಲ. ಗುಂಡಿನ ವಿಷಯ, ಕಾರಿನ ಮಾತು, ಎಲ್ಲ ಹೇಳಿದೆ. ಮುಗಿದ ಮೇಲೆ ಆಕೆ ಎದ್ದು ಹೋಗಿ ಗಂಡನ ಮೇಲಿನ ಕಂಬಳಿಯನ್ನು ಕಿತ್ತು ಅಂಗಳಕ್ಕೆ ಎಸೆದರು.

"ನನ್ ತಮ್ಮ ಇನ್ನೊಬ್ರ ಕಣ್ಣು ಒಡ್ದ್ ಬಂದ್ನಲ್ಲ, ಆಗ್ಲೂ ಬಾಯ್ ಬುಡ್ಲಿಲ್ವಲ್ಲಯ್ಯ ನೀನು. ಎದ್ದೇಳು."

"ಕಾಲು ಕಣೇ..."

"ಇನ್ನೊಂದ್ ಕಾಲ್ ಅದಲ್ಲ. ಎದ್ದೇಳು."

ಆಟೋದಲ್ಲಿ ಮೂವರೂ ಹೋದೆವು. ದಾರಿಯುದ್ದಕ್ಕೂ ಅಣ್ಣ ನನ್ನನ್ನು ಬಯ್ಯುತ್ತಿದ್ದರು. ಠಾಣೆಯ ಮೆಟ್ಟಿಲ ಮೇಲೆ ಮಾತ್ರ ನನ್ನ ಭುಜ ಹಿಡಿದುಕೊಂಡರು, ಬೇರೆ ಆಸರೆ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, "ಗುಂಡು ಮಡಗಿದ್ದು ನಾನು ಸಾಮಿ. ಮೇಷ್ಟ್ರುಗೆ ತಿಳೀದು" ಎಂದರು. ಬರೆಯುವವರು ತಲೆಯೆತ್ತಿ, "ಇನ್ನೊಂದ್ಸಲ ಹೇಳಿ" ಎಂದರು. ಇನ್ನೊಂದು ಸಲವೂ ಹೇಳಿದರು. ಆಮೇಲೆ ನಾನು, ಕೂಗು ಮೊದಲು ಕೇಳಿಸಿತು, ಗುಂಡು ಆಮೇಲೆ ಹಾರಿತು ಎಂದು ಬರೆಸಿ ಸಹಿ ಮಾಡಿದೆ.

ಮುಂದೆ ಮೇಷ್ಟ್ರ ಮೇಲಿನ ಕೊಲೆಯತ್ನದ ಆರೋಪ ಬಿದ್ದುಹೋಯಿತು. ನಿರ್ಲಕ್ಷ್ಯದ ಪ್ರಕರಣ ನಮ್ಮ ಮೂವರ ಮೇಲೂ ನಡೆಯುತ್ತಿದೆ. ಅಣ್ಣನ ಕೆಲಸ ಹೋಯಿತು. ಅವರು ನನ್ನ ಜೊತೆ ಮಾತಾಡುವುದಿಲ್ಲ.

ಸಹಿ ಮಾಡಿದ್ದು ಶುಕ್ರವಾರ. ಮನೆಗೆ ಬಂದು ಅನ್ನ ಸಾರು ಉಂಡು, ಕೊರಳ ಮೂಳೆಯ ಊತಕ್ಕೆ ಐಸಿಟ್ಟುಕೊಂಡು ಒಂಬತ್ತಕ್ಕೆ ಮಲಗಿದೆ. ಎದ್ದಾಗ ಶನಿವಾರ ಬೆಳಿಗ್ಗೆ ಏಳೂವರೆ. ಒಮ್ಮೆಯೂ ಎಚ್ಚರವಾಗಿರಲಿಲ್ಲ. ಅಮ್ಮ ಎರಡು ಸಲ ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಹೋದಳಂತೆ.