ಮೂರು ಪ್ರಶ್ನೆಗಳ ತರಗತಿ

2024ರ ನವೆಂಬರ್‌ನಲ್ಲಿ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ, ಭದ್ರಾವತಿಯ ಕಾಗದನಗರದ ನಿವೃತ್ತ ಕಾರ್ಮಿಕರೊಬ್ಬರ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಅವರು ಸಕ್ಕರೆ ಕಾಯಿಲೆಯವರು. ಆ ವರ್ಷದ ಬೇಸಿಗೆಯಲ್ಲಿ ಇನ್ಸುಲಿನ್ ನಿಲ್ಲಿಸಿದ್ದರು. ಯಾರೋ ಹೇಳಿದರೆಂದು ನಿಲ್ಲಿಸಿದವರಲ್ಲ. ಓದಿ, ವಿಚಾರಿಸಿ, ಪರಿಶೀಲಿಸಿ ನಿಲ್ಲಿಸಿದವರು. ಪರಿಶೀಲಿಸುವುದು ಹೇಗೆ ಎಂದು ಅವರಿಗೆ ಕಲಿಸಿದವಳು ನನ್ನ ಹೆಂಡತಿ.

ಅವಳು ಭದ್ರಾವತಿಯ ಒಂದು ಸಣ್ಣ ಗ್ರಂಥಾಲಯದಲ್ಲಿ ಗ್ರಂಥಪಾಲಕಿ. ನಮ್ಮ ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ಬೆಳಿಗ್ಗೆ ಅವಳು ಬಸ್ಸು ಹಿಡಿಯುತ್ತಾಳೆ, ಮಧ್ಯಾಹ್ನ ನಾನು ಪತ್ರಿಕೆಯ ಕಚೇರಿಗೆ ಹೋಗುತ್ತೇನೆ. ನನ್ನದು ಸುದ್ದಿ ತಿದ್ದುವ ಮೇಜು. ಇಬ್ಬರೂ ಒಟ್ಟಿಗೆ ಕೂತು ಮಾತಾಡುವುದು ಅವಳು ಡಬ್ಬಿ ಕಟ್ಟುವ ಹೊತ್ತಿನಲ್ಲಿ ಮಾತ್ರ. ಇಲ್ಲಿ ಬರೆದಿರುವುದರಲ್ಲಿ ಕೆಲವನ್ನು ನಾನೇ ನೋಡಿದ್ದೇನೆ, ಉಳಿದದ್ದನ್ನು ಅವಳು ಆ ಹೊತ್ತಿನಲ್ಲಿ ಹೇಳಿದ್ದು.

ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ಅದರ ಹಿಂದೆ ಮುಂದೆ ಊರಿನ ಎಲ್ಲ ಫೋನುಗಳಿಗೂ ಒಂದು ಸಂದೇಶ ಬಂತು. ನಿಲ್ದಾಣದಲ್ಲಿ ಕೆಲಸಗಳಿವೆ, ಆಧಾರ್ ಪ್ರತಿ ಕಳಿಸಿ ಎಂದು. ಅದನ್ನು ಹಿಡಿದುಕೊಂಡು ಗ್ರಂಥಾಲಯಕ್ಕೆ ಬಂದವರು ಅರ್ಜಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು. ಕೆಲವರು ಆಗಲೇ ಆಧಾರ್ ಕಳಿಸಿಬಿಟ್ಟಿದ್ದರು. ನನ್ನ ಹೆಂಡತಿ ಒಬ್ಬೊಬ್ಬರಿಗೂ ಅದು ಸುಳ್ಳು ಎಂದು ಹೇಳಿ ಹೇಳಿ ಸಾಕಾಗಿ, ಸುದ್ದಿಯನ್ನು ಪರಿಶೀಲಿಸುವುದು ಹೇಗೆ ಎಂದು ಶನಿವಾರ ಮಧ್ಯಾಹ್ನ ತರಗತಿ ಇಡುತ್ತೇನೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದಳು.

ಮೊದಲ ಶನಿವಾರ ನನಗೆ ರಜೆ ಇತ್ತು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಕೋಣೆ ತುಂಬ ಇದ್ದರು. ಅವಳು ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದಳು: ಯಾರು ಹೇಳಿದ್ದು? ಯಾವತ್ತು ಹೇಳಿದ್ದು? ಇನ್ನೆಲ್ಲಿ ಬಂದಿದೆ?

"ಮೇಡಂ, ಇದು ಸಿಲಬಸ್ಸಲ್ಲಿ ಇದ್ಯಾ?" ಎಂದು ಒಬ್ಬ ಕೇಳಿದ.

"ಇಲ್ಲಪ್ಪ."

"ಸರ್ಟಿಫಿಕೇಟ್ ಕೊಡ್ತೀರಾ?"

"ಅದೂ ಇಲ್ಲ."

"ಹಂಗಾದ್ರೆ ಫ್ಯಾನ್ ಹಾಕಿ ಮೇಡಂ, ನಿದ್ದೆಯಾದ್ರೂ ಬರ್ಲಿ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಮೂರನೆಯ ಶನಿವಾರದ ಹೊತ್ತಿಗೆ ಹುಡುಗರೆಲ್ಲ ಪಕ್ಕದ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ತರಗತಿಯಲ್ಲಿ ಉಳಿದವರು ನಾಲ್ಕೈದು ನಿವೃತ್ತರು, ಆಗೊಮ್ಮೆ ಈಗೊಮ್ಮೆ ಬರುವ ಇಬ್ಬರು ಗೃಹಿಣಿಯರು, ಮತ್ತು ನಾನು ಮೊದಲು ಹೇಳಿದ ಈ ಹಿರಿಯರು.

ಹಿರಿಯರು ಕಾಗದದ ಕಾರ್ಖಾನೆಯಲ್ಲಿ ದೊಡ್ಡ ಸುರುಳಿಗಳನ್ನು ಅಳತೆಗೆ ಕತ್ತರಿಸುವ ವಿಭಾಗದಲ್ಲಿದ್ದವರು. ಮನೆಮಾತು ತಮಿಳು. ಕನ್ನಡ ಓದಲು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಕಾರ್ಖಾನೆಯ ಸೂಚನಾ ಫಲಕ ನೋಡಿ. ಹೆಂಡತಿ ತೀರಿಕೊಂಡಿದ್ದರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಮಗಳ ಜೊತೆ ಕಾಗದನಗರದ ಹಳೆಯ ಕ್ವಾರ್ಟರ್ಸಿನಲ್ಲಿದ್ದರು. ಬೆಳಿಗ್ಗೆ, ರಾತ್ರಿ ಅವರಿಗೆ ಇನ್ಸುಲಿನ್ ಚುಚ್ಚುತ್ತಿದ್ದವಳೂ ಮಗಳೇ.

ಮೂರು ಪ್ರಶ್ನೆಗಳು ಅವರಿಗೆ ತುಂಬ ಹಿಡಿಸಿದವು. ಗ್ರಂಥಾಲಯದ ಎದುರಿನ ಚಹಾ ಅಂಗಡಿಯಲ್ಲಿ ಯಾರಾದರೂ ಫೋನು ತೋರಿಸಿದರೆ ಸಾಕು, ವಿಚಾರಣೆ ಶುರು. ಅದನ್ನು ನಾನೇ ನೋಡಿದ್ದೇನೆ. ಮುಚ್ಚಿಹೋಗಿದ್ದ ಕಾಗದದ ಕಾರ್ಖಾನೆ ಮುಂದಿನ ತಿಂಗಳು ಮತ್ತೆ ತೆರೆಯುತ್ತದಂತೆ ಎಂದು ಒಬ್ಬರು ಓದಿ ಹೇಳಿದರು.

"ಯಾರು ಹೇಳಿದ್ದು?" ಎಂದರು ಹಿರಿಯರು.

"ಮಂತ್ರಿಗಳು."

"ಯಾವ ಮಂತ್ರಿ? ಹೆಸರು ಎಲ್ಲಿದೆ? ತಾರೀಕು ಎಲ್ಲಿದೆ?"

"ಬಂದ್ರು ನೋಡಿ ಸಿಐಡಿ! ಖುಷಿ ಸುದ್ದಿಗೂ ತಾರೀಕು ಬೇಕಾ ಮಾರಾಯ? ಒಂದು ಟೀ ಕುಡಿಯೋವರೆಗಾದ್ರೂ ನಂಬಕ್ಕೆ ಬಿಡು."

"ಟೀ ಕುಡಿ. ನಂಬಬೇಡ."

ಅಂದಿನಿಂದ ಅವರು ಸಿಐಡಿ ಆದರು. ಆ ಹೆಸರು ಅವರಿಗೆ ಬೇಸರ ತಂದಂತೆ ಕಾಣಲಿಲ್ಲ.

ಗ್ರಂಥಾಲಯದಲ್ಲಿ ಇನ್ನೊಂದು ಕೆಲಸವಿತ್ತು. ತಿಂಗಳು ಮುಗಿದ ಪತ್ರಿಕೆಗಳನ್ನು ರದ್ದಿಗೆ ಹಾಕುವ ಮುಂಚೆ, ಉಪಯೋಗಕ್ಕೆ ಬರುವ ಬರಹಗಳನ್ನು ಕತ್ತರಿಸಿ ಹಾಳೆಗೆ ಅಂಟಿಸಿ, ಕೃಷಿ, ಶಿಕ್ಷಣ, ಆರೋಗ್ಯ ಎಂದು ವಿಷಯವಾರು ಫೈಲುಗಳಲ್ಲಿ ಇಡುತ್ತಿದ್ದರು. ಶಾಲೆಯ ಮಕ್ಕಳು ಪ್ರಾಜೆಕ್ಟಿಗೆ ಬಂದಾಗ ಅವೇ ಆಧಾರ. ಮುಂಚೆ ಇದನ್ನು ನನ್ನ ಹೆಂಡತಿ ಮಾಡುತ್ತಿದ್ದಳು. ಅವಳ ಕತ್ತರಿ ಸೊಟ್ಟ. ಹಿರಿಯರು ಒಂದು ದಿನ ನೋಡಿ, "ಕೊಡಿ ಮೇಡಂ, ಇದು ನಮ್ಮ ಡಿಪಾರ್ಟ್‌ಮೆಂಟು" ಎಂದು ತೆಗೆದುಕೊಂಡರು. ಮನೆಯಿಂದ ಉಕ್ಕಿನ ಪಟ್ಟಿ ಮತ್ತು ಬ್ಲೇಡು ತಂದರು. ಅವಳು ತೋರಿಸಿಕೊಟ್ಟಂತೆ ಶೀರ್ಷಿಕೆಯ ಮೇಲಿನ ಗೆರೆಗೆ ಪಟ್ಟಿ ಇಟ್ಟು ಎಳೆದರೆ ಬರಹ ಅಚ್ಚಿನಿಂದ ತೆಗೆದಂತೆ ಬರುತ್ತಿತ್ತು. ಸುತ್ತಲಿನ ಅಂಚಿನಲ್ಲಿ ಒಂದು ಎಳೆಯನ್ನೂ ಉಳಿಸುತ್ತಿರಲಿಲ್ಲ. ಅವರು ದುಡಿದ ಕಡೆ ಅಂಚು ಉಳಿದರೆ ಆ ಹಾಳೆ ಕೆಟ್ಟ ಹಾಳೆ, ವಾಪಸ್ಸು ಹೋಗುತ್ತಿತ್ತು. ಹಾಳೆಗೆ ಅಂಟಿಸಿ, ಕೆಳಗೆ ಪತ್ರಿಕೆಯ ಹೆಸರು, ತಾರೀಕು ಬರೆಯುತ್ತಿದ್ದರು.

2024ರ ಬೇಸಿಗೆಯಲ್ಲಿ ಒಂದು ದಿನ ಅವರು ಮೂರು ತುಣುಕುಗಳನ್ನು ಅವಳ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರೂ ಆರೋಗ್ಯದ ಫೈಲಿನವು. ಹೊರ ಜಿಲ್ಲೆಯ ವೈದ್ಯರೊಬ್ಬರು ಬೇರುಗಳಿಂದ ತಯಾರಿಸುವ ಕಷಾಯ ಕುಡಿದರೆ ಇನ್ಸುಲಿನ್ ಬೇಕಾಗುವುದಿಲ್ಲ ಎಂದು ಮೂರರಲ್ಲೂ ಇತ್ತು. ವೈದ್ಯರ ಫೋಟೋ, ವಾಸಿಯಾದವರ ಮಾತು, ಎಲ್ಲ ಇತ್ತು.

"ಯಾರು ಹೇಳಿದ್ದು, ಹೆಸರು ಇದೆ. ಯಾವತ್ತು, ತಾರೀಕು ನಾನೇ ಬರೆದಿದ್ದೀನಿ. ಇನ್ನೆಲ್ಲಿ ಬಂದಿದೆ, ಮೂರು ಪೇಪರು. ಮೂರಕ್ಕೆ ಮೂರು ಪಾಸು ಮೇಡಂ."

"ನಿಮ್ಮ ಡಾಕ್ಟರನ್ನ ಒಂದ್ಸಲ ಕೇಳಿ."

"ಕೇಳಿದೆ. ಬೇಡ ಅಂದ್ರು. ಯಾಕೆ ಬೇಡ, ಎಲ್ಲಿ ಬರೆದಿದೆ ತೋರಿಸಿ ಅಂದೆ. ನೆಕ್ಸ್ಟ್ ಅಂತ ಬೆಲ್ ಹೊಡೆದ್ರು. ದೊಡ್ಡೋರು ಹೇಳಿದ್ರು ಅಂತ ನಂಬಬೇಡಿ ಅಂದೋರು ನೀವೇ ತಾನೇ?"

ಅವಳು ತುಣುಕುಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಳು. ಮರುದಿನ ಬೆಳಿಗ್ಗೆ ನನ್ನ ಮುಂದೆ ಹರಡಿದಳು.

ನೋಡಿದ ಕೂಡಲೇ ಗೊತ್ತಾಯಿತು. ಅದರಲ್ಲಿ ಒಂದು ನಮ್ಮದೇ ಪತ್ರಿಕೆಯದು, ಆದರೆ ಶೀರ್ಷಿಕೆಯ ಅಕ್ಷರ ನಾವು ಬಳಸುವ ಅಕ್ಷರವಲ್ಲ. ವರದಿಗಾರರ ಹೆಸರಿಲ್ಲ, ಊರಿನ ಹೆಸರಿಲ್ಲ. ಮೂರು ಪತ್ರಿಕೆಗಳಲ್ಲೂ ಒಂದೇ ವಾಕ್ಯಗಳು. ದುಡ್ಡು ಕೊಟ್ಟು ಹಾಕಿಸುವ ಇಂಥ ಬರಹ ನಮ್ಮ ಮೇಜಿಗೆ ಬರುವುದಿಲ್ಲ. ಪುಟ ಸಿದ್ಧವಾಗಿಯೇ ಜಾಹೀರಾತು ವಿಭಾಗದಿಂದ ನೇರ ಅಚ್ಚಿಗೆ ಹೋಗುತ್ತದೆ. ಶೀರ್ಷಿಕೆಯ ಮೇಲಿನ ಗೆರೆಗಿಂತ ಮೇಲೆ, ಪುಟದ ಅಂಚಿನಲ್ಲಿ, ಜಾಹೀರಾತು ಎಂಬ ಒಂದು ಪದ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪಟ್ಟಿ ಇಟ್ಟು ಎಳೆದದ್ದು ಆ ಗೆರೆಗೇ. ಆ ಪದ ಅಂಚಿನ ಜೊತೆ ರದ್ದಿಗೆ ಹೋಗಿತ್ತು.

"ಗೆರೆಗೆ ಸರಿಯಾಗಿ ಕತ್ತರಿಸಿ ಅಂತ ಹೇಳಿಕೊಟ್ಟಿದ್ದು ನಾನೇ" ಎಂದಳು. ಡಬ್ಬಿಯನ್ನು ಅಲ್ಲೇ ಮರೆತು ಬಸ್ಸಿಗೆ ಹೋದಳು.

ಆ ಶನಿವಾರ ನಮ್ಮ ಕಚೇರಿಯ ಸಂಗ್ರಹದಿಂದ ಪೂರ್ತಿ ಪುಟದ ಪ್ರತಿ ತೆಗೆಸಿಕೊಂಡು ನಾನೂ ಹೋದೆ. ಹಿರಿಯರು ಕನ್ನಡಕ ಒರೆಸಿಕೊಂಡು ಪುಟದ ಮೇಲ್ತುದಿಯನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಆ ಪದದ ಅಗಲ ಅಳೆದರು.

"ಇಷ್ಟು ಸಣ್ಣಕ್ಕಾ?" ಎಂದರು.

"ಹೌದು."

"ಒಳಗಡೆ ಇರೋದು ಸುಳ್ಳು ಅಂತ ನಿಮಗೆ ಗೊತ್ತಿತ್ತಾ?"

"ಒಳಗಡೆ ಇರೋದನ್ನ ನಾವು ಓದಲ್ಲ. ಅದು ಜಾಹೀರಾತು."

"ಸುಳ್ಳು ಅಂತ ನಿಮಗೂ ಗೊತ್ತಿಲ್ಲ ಹಾಗಾದ್ರೆ." ಪುಟವನ್ನು ನನ್ನ ಕಡೆ ತಳ್ಳಿದರು. "ಇದು ನಿಮ್ಮ ಪೇಪರಿನ ಕಥೆ ಸಾರ್. ಉಳಿದ ಎರಡರ ಪುಟ ತೋರಿಸಿ, ಒಪ್ತೀನಿ."

ಉಳಿದ ಎರಡು ಪುಟಗಳಿಗಾಗಿ ಫೋನು ಮಾಡಿದೆ. ಒಂದು ಕಡೆ ಹಳೆಯ ಪ್ರತಿ ಇಟ್ಟುಕೊಂಡಿರಲಿಲ್ಲ. ಇನ್ನೊಂದು ಕಡೆ ಯಾಕೆ ಬೇಕು ಎಂದು ಕೇಳಿ, ಕಾರಣ ಹೇಳಿದ ಮೇಲೆ ಮತ್ತೆ ಫೋನು ಎತ್ತಲಿಲ್ಲ. ನಮ್ಮ ಕಚೇರಿಯಲ್ಲಿ ಜಾಹೀರಾತು ವಿಭಾಗದವರಿಗೆ, ಆ ಪದವನ್ನು ಸ್ವಲ್ಪ ದೊಡ್ಡದು ಮಾಡಬಹುದಲ್ಲ ಎಂದೆ. "ನಿನ್ನ ಸಂಬಳ ಬರೋದು ಆ ಪುಟದಿಂದ ಮಾರಾಯ. ಅದನ್ನ ದೊಡ್ಡ ಅಕ್ಷರದಲ್ಲಿ ಹಾಕ್ಸೋಣ ಬೇಕಾದ್ರೆ" ಎಂದರು. ಸುತ್ತ ಇದ್ದವರು ನಕ್ಕರು.

ಇನ್ಸುಲಿನ್ ಆ ವೇಳೆಗೆ ನಿಂತಿತ್ತು. ಮೊದಲ ತಿಂಗಳುಗಳಲ್ಲಿ ಅವರು ಗೆಲುವಾಗಿಯೇ ಇದ್ದರಂತೆ. ಕಷಾಯದ ಜೊತೆ ಪಥ್ಯವೂ ಇತ್ತು, ಅನ್ನ ಬಿಟ್ಟಿದ್ದರು, ತೂಕ ಇಳಿದಿತ್ತು. ಚಹಾ ಅಂಗಡಿಯಲ್ಲಿ ಪ್ಯಾಂಟಿನ ಸೊಂಟ ಎಷ್ಟು ಸಡಿಲವಾಗಿದೆ ಎಂದು ಎಳೆದು ತೋರಿಸಿದರಂತೆ. ನನ್ನ ಹೆಂಡತಿ ಎರಡು ಸಲ ಕಾಗದನಗರಕ್ಕೆ ಹೋಗಿ ಬಂದಳು. ಎರಡು ಸಲವೂ ಮಗಳು ಬಾಗಿಲವರೆಗೆ ಬಂದು, "ನನ್ನ ಮಾತು ಕೇಳಲ್ಲ ಮೇಡಂ, ನಿಮ್ಮ ಮಾತು ಕೇಳ್ತಾರೆ ಅಂದ್ಕೊಂಡಿದ್ದೆ" ಎಂದಳಂತೆ. ಮಳೆಗಾಲದಲ್ಲಿ ಚಪ್ಪಲಿಯ ಪಟ್ಟಿ ಉಜ್ಜಿ ಬಲಗಾಲಿನಲ್ಲಿ ಗಾಯವಾಯಿತು. ನೋವಿರಲಿಲ್ಲ, ಅದಕ್ಕೇ ತೋರಿಸಲಿಲ್ಲ. ವಾಸನೆ ಬಂದ ಮೇಲೆ ಮಗಳಿಗೆ ಗೊತ್ತಾಯಿತು.

ಆಸ್ಪತ್ರೆಗೆ ನಾವಿಬ್ಬರೂ ಹೋಗಿದ್ದೆವು. ಶಸ್ತ್ರಚಿಕಿತ್ಸೆಯಾಗಿ ಮೂರ್ನಾಲ್ಕು ದಿನ ಕಳೆದಿತ್ತು. ಅವರು ನನ್ನ ಹೆಂಡತಿಯನ್ನು ನೋಡಿ, "ಪ್ರಶ್ನೆ ಮೂರೂ ಸರಿ ಇದ್ವಲ್ಲ ಮೇಡಂ" ಎಂದರು. ಅದರಲ್ಲಿ ಆರೋಪ ಇರಲಿಲ್ಲ, ಲೆಕ್ಕ ತಾಳೆಯಾಗದವರ ದನಿ ಇತ್ತು.

ಅವಳು ಶನಿವಾರದ ತರಗತಿ ನಿಲ್ಲಿಸಿದಳು. ಆರೋಗ್ಯದ ಫೈಲನ್ನು ಕಪಾಟಿನಿಂದ ತೆಗೆದು, ಒಂದೊಂದೇ ತುಣುಕನ್ನು ಪರೀಕ್ಷಿಸಲು ಕೂತಳು. ಅಂಚಿಲ್ಲದ ತುಣುಕುಗಳಲ್ಲಿ ಯಾವುದು ಸುದ್ದಿ, ಯಾವುದು ಜಾಹೀರಾತು ಎಂದು ಬೇರ್ಪಡಿಸಲು ಆಗಲಿಲ್ಲ. ಕೆಲವನ್ನು ಮನೆಗೆ ತಂದು ನನಗೆ ತೋರಿಸಿದಳು. ಅಕ್ಷರ ನೋಡಿ ನಮ್ಮ ಪತ್ರಿಕೆಯದನ್ನು ಹೇಳಬಲ್ಲವನಾಗಿದ್ದೆ, ಉಳಿದವುಗಳಲ್ಲಿ ನನಗೂ ಅನುಮಾನ. ಕೊನೆಗೆ ಇಡೀ ಫೈಲನ್ನು ರದ್ದಿಗೆ ಹಾಕಿದಳು.

2025ರ ಬೇಸಿಗೆಯಲ್ಲಿ ಹಿರಿಯರು ಗಾಲಿಕುರ್ಚಿಯಲ್ಲಿ ಗ್ರಂಥಾಲಯಕ್ಕೆ ಬಂದರು. ಮಗಳು ತಳ್ಳಿಕೊಂಡು ಬಂದಿದ್ದಳು. ಇನ್ಸುಲಿನ್ ಮತ್ತೆ ಶುರುವಾಗಿತ್ತು, ಮುಖ ತುಂಬಿಕೊಂಡಿತ್ತು. "ತರಗತಿ ಯಾಕೆ ನಿಲ್ಲಿಸಿದ್ರಿ? ಫೇಲಾಗಿದ್ದು ನಾನು, ಶಾಲೆ ಮುಚ್ಚೋದು ನೀವಾ?" ಎಂದರಂತೆ. ಬಹಳ ದಿನಗಳ ಮೇಲೆ ಅವಳು ನಗುತ್ತ ಮನೆಗೆ ಬಂದದ್ದು ಅಂದು.

ತರಗತಿ ಮತ್ತೆ ಶುರುವಾಯಿತು. ಅವಳು ಹಳೆಯ ಮೂರರ ಕೆಳಗೆ ನಾಲ್ಕನೆಯ ಪ್ರಶ್ನೆ ಸೇರಿಸಿದಳು: ನಾವು ಇದನ್ನು ನಂಬಿದರೆ ಯಾರಿಗೆ ಲಾಭ? ಅದನ್ನು ಸೇರಿಸುವ ಮುಂಚೆ ನನ್ನನ್ನೂ ಕೇಳಿದ್ದಳು. ನಮ್ಮ ಕಚೇರಿಯಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುವುದೇ ಇದನ್ನು ಎಂದಿದ್ದೆ. ಹಿರಿಯರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, "ಇದು ಮೊದಲೇ ಇರಬೇಕಿತ್ತು" ಎಂದರಂತೆ.

ಚಹಾ ಅಂಗಡಿಯಲ್ಲಿ ಅವರು ಈಗ ಮೊದಲ ಮೂರನ್ನು ಕೇಳುವುದನ್ನು ಬಿಟ್ಟರು. ಯಾವ ಮಾತಿಗೂ ನಾಲ್ಕನೆಯದೊಂದೇ. ಪೋಲಿಯೊ ಹನಿಯ ಪ್ರಕಟಣೆಗೆ, ಮಳೆಯ ಮುನ್ಸೂಚನೆಗೆ, ಪಿಂಚಣಿಯ ಸುತ್ತೋಲೆಗೆ, ನಮ್ಮ ಪತ್ರಿಕೆಯ ಮರಣವಾರ್ತೆಗೂ ಅದೇ ಪ್ರಶ್ನೆ. "ಸತ್ತೋರಿಗೂ ಲಾಭ ಕೇಳ್ತೀಯಲ್ಲೋ ಸಿಐಡಿ" ಎಂದು ಹಳೆಯ ಗೆಳೆಯರು ರೇಗಿಸಿದರೆ, "ಅದನ್ನ ಹಾಕಕ್ಕೆ ಎಷ್ಟು ತಗೊಳ್ತಾರೆ ಕೇಳು" ಎನ್ನುತ್ತಿದ್ದರು. ಕ್ರಮೇಣ ಗೆಳೆಯರು ಬೇರೆ ಅಂಗಡಿಗೆ ಹೋಗತೊಡಗಿದರು. ಮಳೆಗಾಲ ಶುರುವಾಗುವ ಹೊತ್ತಿಗೆ ಶನಿವಾರ ತರಗತಿಗೆ ಬರುತ್ತಿದ್ದವರು ಅವರೊಬ್ಬರೇ. ಆಮೇಲೆ ಅವರೂ ಬರಲಿಲ್ಲ.

ಕಳೆದ ತಿಂಗಳು ಹಿರಿಯರ ಮಗಳ ಫೋನು ಬಂತು. ನಾನೂ ಮನೆಯಲ್ಲಿದ್ದೆ, ಹೆಂಡತಿ ಸ್ಪೀಕರಿಗೆ ಹಾಕಿದಳು.

"ಅಪ್ಪ ಇನ್ಸುಲಿನ್ ಬಿಟ್ಟಿದ್ದಾರೆ ಮೇಡಂ."

"ಮತ್ತೆ ಆ ಕಷಾಯನಾ?"

"ಇಲ್ಲ, ಕಷಾಯನೂ ಇಲ್ಲ. ಏನೂ ತಗೊಳ್ತಿಲ್ಲ. ಕಷಾಯದೋನಿಗೆ ಕಷಾಯದಲ್ಲಿ ಲಾಭ, ಆಸ್ಪತ್ರೆಯೋರಿಗೆ ಇನ್ಸುಲಿನ್‌ನಲ್ಲಿ ಲಾಭ, ಇಬ್ಬರೂ ಒಂದೇ ಅಂತಾರೆ. ಕಾಲು ಕತ್ತರಿಸಿದ್ರಲ್ಲೂ ಯಾರಿಗೆ ಲಾಭ ಆಯ್ತು ನೋಡು ಅಂತಾರೆ."

ಮರುದಿನ ನನ್ನ ಹೆಂಡತಿ ಕಾಗದನಗರಕ್ಕೆ ಹೋದಳು. ಅವರು ಪ್ರೀತಿಯಿಂದಲೇ ಮಾತಾಡಿಸಿದರಂತೆ, ಮಗಳಿಗೆ ಹೇಳಿ ಕಾಫಿ ಕೊಡಿಸಿದರಂತೆ. ಅವಳು ತೆಗೆದುಕೊಂಡು ಹೋಗಿದ್ದ ಪುಸ್ತಕವನ್ನು ತೆರೆದು, ಇನ್ಸುಲಿನ್ ದೇಹದಲ್ಲಿ ಏನು ಮಾಡುತ್ತದೆ ಎಂಬ ಪುಟವನ್ನು ಓದಿ ಹೇಳಿದಳು. ಪೂರ್ತಿ ಕೇಳಿಸಿಕೊಂಡರು.

"ನಾನು ಇನ್ಸುಲಿನ್ ತಗೊಂಡ್ರೆ ನಿಮಗೇನು ಲಾಭ ಮೇಡಂ?" ಎಂದು ಕೇಳಿದರು.

ಅವಳು ಎರಡು ಸಲ ಮತ್ತೆ ಹೋಗಿದ್ದಾಳೆ. ಆಸ್ಪತ್ರೆಯಿಂದ ಒಬ್ಬ ನರ್ಸ್ ಬಂದು ಹೋಗಿದ್ದಾರೆ. ಇನ್ಸುಲಿನ್ ಫ್ರಿಜ್ಜಿನ ಬಾಗಿಲಿನಲ್ಲಿದೆ. ಅಪ್ಪ ನಿದ್ದೆಯಲ್ಲಿದ್ದಾಗ ಮಗಳು ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುತ್ತಾಳೆ. ಈ ಶುಕ್ರವಾರ ಬೆಳಿಗ್ಗೆ ಯಂತ್ರ ಅಂಕಿ ತೋರಿಸಲಿಲ್ಲ. ಅಳತೆ ಮೀರಿದಾಗ ಅದು ತೋರಿಸುವ ‘ಹೈ’ ಎಂಬ ಪದವನ್ನು ತೋರಿಸಿತು.